ಕಾಲು ಮೊದಲೋ, ಕೈ ಮೊದಲೋ

ನಮ್ಮ ಆತ್ಯಾನ ಪ್ರಕಾರ ಕಬಡ್ಡಿಯ ರೆಫರಿಗಳಲ್ಲಿ ಎರಡೇ ಬಗೆ: ನೆಲ ನೋಡುವವರು, ಜನರನ್ನು ನೋಡುವವರು. ಜನರನ್ನು ನೋಡುವವರ ಸೀಟಿ ಯಾವಾಗಲೂ ಒಂದು ರೆಪ್ಪೆ ಬಡಿಯುವಷ್ಟು ತಡವಾಗಿ ಬರುತ್ತದಂತೆ. ಆ ತಡವನ್ನು ಕಿವಿಯಿಂದಲೇ ಹಿಡಿಯುತ್ತೇನೆ ಎಂದು ಅವಳು ಹೇಳುತ್ತಿದ್ದಳು. ಅವಳ ಪಕ್ಕ ಕೂತು ಎಷ್ಟೋ ಭಾನುವಾರಗಳನ್ನು ಕಳೆದ ನನಗೂ ಕೆಲವೊಮ್ಮೆ ಹಾಗೆ ಕೇಳಿಸಿದ್ದುಂಟು.

ಆತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮ ಮನೆಯಲ್ಲಿ ಅಡುಗೆಯ ಮಾತು ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ಹೀಗಾಗಿ ಅತ್ತೆ ಆತ್ಯಾ ಆಗಿಯೇ ಉಳಿದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ವ್ಯಾಳ್ಯಾ ಸಿಗಲಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಝಳಕಿಯ ಕನ್ನಡ ಸಾಲಿಯಲ್ಲಿ ಬಹಳ ವರ್ಷ ಕಲಿಸಿದಳು. ಅಲ್ಲಿ ಆಟ ಆಡಿಸುವ ಮಾಸ್ತರರು ಇರಲಿಲ್ಲವಾದ್ದರಿಂದ ಹೆಡ್‌ಮಾಸ್ತರರು ಒಂದು ದಿನ ಸೀಟಿಯನ್ನು ಇವಳ ಕೈಗೆ ಕೊಟ್ಟರು. ಇವಳಿಗೆ ಆಟದ ಗಂಧವೂ ಗೊತ್ತಿರಲಿಲ್ಲ. ವಿಜಯಪುರದಿಂದ ಕಬಡ್ಡಿ ನಿಯಮದ ಪುಸ್ತಕ ತರಿಸಿ, ಪಾರಾಯಣದ ಹಾಗೆ ದಿನಕ್ಕೆರಡು ಪುಟ ಓದಿದಳು. ಸುಣ್ಣದ ಪುಡಿ ಸಿಗದ ದಿನ ರಂಗೋಲಿ ಪುಡಿಯಲ್ಲಿ ಅಂಕಣ ಬರೆದಳು. ತುಳಸಿಯ ಮುಂದೆ ಎಳೆ ಎಳೆದ ಕೈ. ಗೆರೆ ಒಂದಿಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇರುತ್ತಿದ್ದವು, ಅವುಗಳ ಧೂಳಿನಲ್ಲಿ ಲಂಗ ಎತ್ತಿ ಕಟ್ಟಿದ ಹುಡುಗಿಯರು ದಮ್ಮು ಹಿಡಿದು ಓಡುತ್ತಿದ್ದರು. ನಿವೃತ್ತಿಯಾಗಿ ಇಂಡಿಗೆ ನನ್ನ ಜೊತೆ ಇರಲು ಬಂದ ಮೇಲೂ ಅವಳ ಮೈಯಿಂದ ಆ ಧೂಳು ಹೋಗಲಿಲ್ಲ.

ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಆಟ ಆಡಿದವಳಲ್ಲ, ನೋಡಿದವಳು. ಜಿಲ್ಲೆಯಲ್ಲಿ ಎಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಇದ್ದರೂ ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು. ಚೀಲದಲ್ಲಿ ಒಂದು ಜಮಖಾನಿ, ಉಪ್ಪಿನ ಡಬ್ಬಿ, ಆಟಗಾರ್ತಿಯರಿಗೆಂದು ಒಂದಿಷ್ಟು ನಿಂಬೆಹಣ್ಣು. ಇಂಡಿಯಿಂದ ಹೊರಟವರ ಚೀಲದಲ್ಲಿ ನಿಂಬೆಹಣ್ಣು ಇರುವುದು ವಿಶೇಷವೇನಲ್ಲ. ಹೋಗುವಾಗ ಆತ್ಯಾ ಯಾರು ಯಾವ ಮೂಲೆಯಲ್ಲಿ ನಿಲ್ಲಬೇಕೆಂದು ನಿರ್ಧರಿಸುತ್ತಿದ್ದಳು. ಬರುವಾಗ ಯಾಕೆ ಹಾಗೆ ನಿಲ್ಲಲಿಲ್ಲವೆಂದು ವಿವರಿಸುತ್ತಿದ್ದಳು. ಕಿಟಕಿಯಾಚೆ ಕರಿನೆಲ, ತೊಗರಿ, ದ್ರಾಕ್ಷಿ ಹಂದರ ಹಿಂದೆ ಸರಿಯುತ್ತಿದ್ದರೆ ಅವಳ ಮಾತು ನನ್ನ ಅರೆನಿದ್ದೆಯೊಳಗೆ ಬಂದು ಹೋಗುತ್ತಿತ್ತು. ಎಷ್ಟೋ ಪಂದ್ಯಗಳನ್ನು ನಾನು ಕಣ್ಣಿನಿಂದ ನೋಡಿದ್ದೆನೋ, ಆ ಅರೆನಿದ್ದೆಯಲ್ಲಿ ಕೇಳಿದ್ದೆನೋ, ಈಗ ಬೇರೆ ಮಾಡಲು ಬರುವುದಿಲ್ಲ.

ಬಸವನಬಾಗೇವಾಡಿಯ ಫೈನಲ್ ಮಾತ್ರ ಹಾಗಲ್ಲ. ಅದು ಸಂಕ್ರಾಂತಿ ಕಳೆದ ಮೇಲಿನ ಒಂದು ಸಂಜೆ. ಒಂದು ಶಾಲೆಯ ಮೈದಾನ, ನಮ್ಮ ಇಂಡಿಯ ಹುಡುಗಿಯರು ಒಂದು ಕಡೆ, ಮುದ್ದೇಬಿಹಾಳದವರು ಇನ್ನೊಂದು ಕಡೆ. ಅಂದು ಏಕಾದಶಿ. ಆತ್ಯಾ ಬೆಳಗಿನಿಂದ ತೀರ್ಥ ಬಿಟ್ಟು ಏನನ್ನೂ ಬಾಯಿಗೆ ಹಾಕಿರಲಿಲ್ಲ. ಬಿಸಿಲು ಇಳಿದು ನೆಲದ ಬಣ್ಣ ಬೆಲ್ಲದ ಹಾಗಾಗಿತ್ತು. ಹುಡುಗಿಯರು ಓಡಿದಾಗ ಎದ್ದ ಧೂಳು ಕೆಳಗೆ ಬೀಳದೆ ಆ ಬೆಳಕಿನಲ್ಲೇ ತೇಲುತ್ತಿತ್ತು, ಅವರ ಕಾಲುಗಳು ಮೊಣಕಾಲಿನಿಂದ ಕೆಳಗೆ ಕಾಣದೆ ಎಲ್ಲರೂ ಹೊಳೆಯಲ್ಲಿ ನಿಂತವರ ಹಾಗೆ ಕಾಣುತ್ತಿದ್ದರು.

ನಮ್ಮ ತಂಡದಲ್ಲಿ ಒಬ್ಬ ಎತ್ತರದ ಹುಡುಗಿ ಇದ್ದಳು. ದಾಳಿಗೆ ಹೋದರೆ ಬರಿಗೈಯಲ್ಲಿ ಬಂದದ್ದು ಕಡಿಮೆ. ಅಂದಿನ ಅಂಕಗಳಲ್ಲಿ ಅರ್ಧ ಅವಳವೇ. ಆಟ ಮುಗಿಯಲು ಎರಡು ನಿಮಿಷ ಉಳಿದಾಗ, ಅಂಕ ಸಮಸಮವಾಗಿದ್ದಾಗ, ನಮ್ಮ ತಂಡದ ಕೋಚ್ ಅವಳನ್ನೇ ಹೊರಗೆ ಕರೆದು ಒಬ್ಬ ಗಿಡ್ಡ ಹುಡುಗಿಯನ್ನು ಒಳಗೆ ಕಳಿಸಿದರು. ಕೋಚ್ ಸಿಂದಗಿ ಊರಿನವರು, ಇಂಡಿಯಲ್ಲಿ ದೈಹಿಕ ಶಿಕ್ಷಣದ ಮಾಸ್ತರರು, ಹೆಚ್ಚು ಮಾತಿಲ್ಲದ ಮನುಷ್ಯ.

ಆತ್ಯಾ ಜಮಖಾನಿಯಿಂದ ಎದ್ದು ನಿಂತಳು.

"ಹುಚ್ಚ ಹಿಡದದ ಏನು ಇವರಿಗೆ? ಕೈಯಾಗಿನ ಕೋಲು ಒಗದು ಕಡ್ಡಿ ಹಿಡಕೊಂಡ್ರಲ್ಲ!"

ಆಗಷ್ಟೇ ಚಹಾ ಕುಡಿಯಲು ಎದ್ದು ಹೋಗಿದ್ದ ನನಗೆ ಚಹಾದ ಗಾಡಿಯ ತನಕ ಅದು ಕೇಳಿಸಿತು. ತಿರುಗಿ ಬರುವಷ್ಟರಲ್ಲಿ ಜನ ಗೆರೆಯ ತನಕ ಒತ್ತಿ ನಿಂತಿದ್ದರು. ಆತ್ಯಾನ ಕಡೆ ಹೋಗಲಾಗದೆ ಆಚೆಯ ಮೂಲೆಯಲ್ಲೇ ನಿಂತು, ಜನರ ಭುಜದ ಸಂದಿಯಲ್ಲಿ ಮೊಬೈಲ್ ಹಿಡಿದು ಕಡೆಯ ದಾಳಿಯನ್ನು ಚಿತ್ರಿಸಿಕೊಂಡೆ.

ಆ ದಾಳಿಗೆ ಗಿಡ್ಡ ಹುಡುಗಿಯೇ ಹೋದಳು. ಅಂಕಣದ ಎರಡೂ ಬದಿಗೆ ಲಾಬಿ ಎಂಬ ಒಂದು ಕಿರಿದಾದ ಪಟ್ಟಿ ಇರುತ್ತದೆ. ಎದುರಾಳಿಯನ್ನು ಮುಟ್ಟಿದ ಮೇಲೆ ಅಲ್ಲಿ ಕಾಲಿಡಬಹುದು. ಮುಟ್ಟುವ ಮೊದಲೇ ಇಟ್ಟರೆ ಔಟ್. ಹುಡುಗಿ ಬಲ ಮೂಲೆಯವಳ ಕಡೆ ಬಾಗಿದಳು, ಕೈ ಚಾಚಿದಳು, ಕಾಲು ಜಾರಿ ಲಾಬಿಗೆ ಹೋಯಿತು, ಬೆರಳು ಆ ಕಡೆಯವಳ ಭುಜಕ್ಕೆ ತಾಗಿತು. ಇವೆಲ್ಲ ಒಂದೇ ಉಸಿರಿನಲ್ಲಿ ಆದವು. ತಿರುಗಿ ಮಧ್ಯದ ಗೆರೆಯ ಮೇಲೆ ಉದ್ದಕ್ಕೆ ಬಿದ್ದಳು. ಇಂಡಿಯವರೆಲ್ಲ ಕುಣಿದರು. ಸೀಟಿ ಕೇಳಿಸಿತು. ರೆಫರಿಯ ಕೈ ಮುದ್ದೇಬಿಹಾಳದ ಕಡೆ ಎದ್ದಿತ್ತು; ಆ ಒಂದು ಅಂಕಕ್ಕೆ ಫೈನಲ್ ಅವರದಾಯಿತು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ನೋಡಿದರೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆರೆ ತುಳಿಯದಂತೆ ಕಾಲು ಎತ್ತಿಟ್ಟು ಅಂಕಣದೊಳಗೆ ನಡೆದು ಹೋಗುತ್ತಿದ್ದಳು.

"ಸರ್, ಕೈ ಮೊದಲು ಬಿತ್ತು. ನಾ ನೋಡೇನಿ."

ರೆಫರಿ ಐವತ್ತರ ಆಸುಪಾಸಿನವರು. ತೆಳ್ಳಗಿನ ಮೈ, ಬಿಳಿ ಅಂಗಿ. "ಇಲ್ರಿ ಅಕ್ಕೋರ, ಕಾಲು ಮದಲ ಬಿತ್ತು. ಸೀಟಿ ಊದೇನಿ," ಎಂದರು. ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಟೀಚರು. ಅವಳು ಟೀಚರೆಂದು ಯಾರೂ ಅವರಿಗೆ ಹೇಳಿರಲಿಲ್ಲ; ಅವಳ ದನಿಯಿಂದಲೇ ತಿಳಿದಿರಬೇಕು.

"ಏಕಾದಶಿ ದಿವಸ ಸುಳ್ಳ ಹೇಳಂಗಿಲ್ಲ ನಾ. ಕೈ ಮೊದಲು."

"ನಾನೂ ಸುಳ್ಳ ಹೇಳಾಕತ್ತಿಲ್ರಿ."

ಆತ್ಯಾ ಅವರನ್ನೇ ನೋಡಿದಳು. "ನಿಮ್ಮೂರು ಯಾವುದು?"

ಅವರು ಸೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ತಂಗಡಗಿ ರೀ."

ತಂಗಡಗಿ ಮುದ್ದೇಬಿಹಾಳ ತಾಲೂಕಿನದು. ಆತ್ಯಾ ಜನರ ಕಡೆ ತಿರುಗಿ "ಕೇಳಿದ್ರೇನು?" ಎಂದಳು. ಅಷ್ಟೇ ಸಾಕಾಯಿತು. ಮೈದಾನದ ಅರ್ಧ ಜನ ಹೋ ಎಂದರು. ಯಾರೋ ಒಂದು ಹಿಡಿ ಮಣ್ಣು ತೂರಿದರು, ಅದು ರೆಫರಿಯ ಬಿಳಿ ಅಂಗಿಯ ಮೇಲೆ ಬಿತ್ತು. ಅವರು ಅದನ್ನು ಝಾಡಿಸಿಕೊಳ್ಳಲೂ ಇಲ್ಲ. ಅಂಕದ ಹಾಳೆಗೆ ಸಹಿ ಮಾಡಿ, ತಮ್ಮ ಚೀಲ ತೆಗೆದುಕೊಂಡು, ಗೇಟಿನ ಕಡೆ ಒಬ್ಬರೇ ನಡೆದು ಹೋದರು.

ಇಂಡಿಯಲ್ಲಿ ಆ ಮಾತು ನಮಗಿಂತ ಮೊದಲೇ ಬಂದು ಮುಟ್ಟಿತ್ತು. ಮರುದಿನ ದ್ವಾದಶಿಯ ಪಾರಣೆ ಮುಗಿಸಿ ಗುಡಿಗೆ ಹೋದರೆ ಅಲ್ಲಿಯೂ ಅದೇ. ಕಾಯಿಪಲ್ಲೆ ಸಂತೆಯಲ್ಲಿ ತೂಕ ಕಡಿಮೆ ಅನ್ನಿಸಿದವರು "ತಂಗಡಗಿ ಸೀಟಿ ಊದಬ್ಯಾಡೋ ಮಾರಾಯಾ" ಎನ್ನತೊಡಗಿದರು. ಆತ್ಯಾನನ್ನು ಕಂಡವರೆಲ್ಲ ನಿಲ್ಲಿಸಿ ಕೇಳುವರು. ಅವಳು ಪ್ರತಿಸಲವೂ ಮೊದಲಿನಿಂದ ಹೇಳುವಳು, ರಸ್ತೆಯ ಮೇಲೆ ಚಪ್ಪಲಿಯ ತುದಿಯಿಂದ ಗೆರೆ ಎಳೆದು ತೋರಿಸುವಳು. ಅಷ್ಟು ಗೆಲುವಾಗಿ ಅವಳನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಮೊಬೈಲಿನ ಚಿತ್ರ ನನಗೆ ನೆನಪಾದದ್ದು ನಾಲ್ಕನೆಯ ದಿನ. ಗ್ರಂಥಾಲಯದಲ್ಲಿ ಮಧ್ಯಾಹ್ನದ ಹೊತ್ತು, ಯಾರೂ ಇರಲಿಲ್ಲ, ಫ್ಯಾನಿನ ಗಾಳಿಗೆ ಯಾವುದೋ ಪುಸ್ತಕದ ಹಾಳೆ ತಾನೇ ತಿರುಗುತ್ತಿತ್ತು. ನಿಧಾನಗತಿಯಲ್ಲಿ ಹಾಕಿ ನೋಡಿದೆ. ಸದ್ದಿಲ್ಲದ ಆ ಚಿತ್ರದಲ್ಲಿ ಹುಡುಗಿ ನೀರಿನೊಳಗೆ ನಡೆಯುವವಳಂತೆ ನಡೆದಳು. ಜಡೆ ಮೇಲೆದ್ದು ಗಾಳಿಯಲ್ಲಿ ನಿಂತಿತು. ಕೈ ಚಾಚಿತು. ಬೆರಳು ಇನ್ನೂ ಭುಜದಿಂದ ಒಂದು ಗೇಣು ದೂರ ಇರುವಾಗಲೇ ಪಾದ ಗೆರೆಯ ಆಚೆ ಊರಿತು. ಸುಣ್ಣದ ಪುಡಿ ಸಣ್ಣಗೆ ಹೊಗೆಯ ಹಾಗೆ ಎದ್ದಿತು. ಆಮೇಲೆ ಬೆರಳು ತಾಗಿತು.

ಕಾಲು ಮೊದಲು.

ಆರೇಳು ಸಲ ನೋಡಿದೆ. ಪ್ರತಿಸಲವೂ ಈ ಸಲವಾದರೂ ಕೈ ಮೊದಲು ಮುಟ್ಟೀತು ಎಂದು ಕಾಯುತ್ತಿದ್ದೆ. ಆತ್ಯಾ ಕೂತ ಕಡೆಯಿಂದ ಮೂಲೆಯವಳ ಮೈ ಅಡ್ಡವಾಗಿ ಹುಡುಗಿಯ ಪಾದ ಕಾಣುವಂತೆಯೇ ಇರಲಿಲ್ಲ ಎಂಬುದೂ ತಿಳಿಯಿತು. ಸಂಜೆ ಮನೆಗೆ ಹೋದಾಗ ಅವಳು ಪಕ್ಕದ ಮನೆಯವರಿಗೆ ಬಾಗಿಲಲ್ಲಿ ನಿಂತು ಅದೇ ಕತೆ ಹೇಳುತ್ತಿದ್ದಳು. ಕಣ್ಣು ಹೊಳೆಯುತ್ತಿದ್ದವು. ನಾನು ಮೊಬೈಲನ್ನು ಚೀಲದಲ್ಲೇ ಬಿಟ್ಟೆ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಒಂದು ವಾರವಾಯಿತು, ತಿಂಗಳುಗಳಾದವು.

ನಡುವೆ ಯುಗಾದಿಯ ರಜೆಯಲ್ಲಿ ಒಂದು ದಿನ ಆತ್ಯಾ "ಸಿಂದಗಿಗೆ ಹೋಗೂಣ ನಡಿ" ಎಂದಳು. ರೆಫರಿಯ ಲೆಕ್ಕ ಮುಗಿದಿತ್ತು. ಕೋಚ್ ಬಾಕಿ ಇದ್ದರು. ಅವರ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಮಗೆ ಕುರ್ಚಿ ಹಾಕಿ, ಚಹಾ ತರಿಸಿ, ತಾವು ನಿಂತೇ ಇದ್ದರು. ಆತ್ಯಾ ಸುತ್ತುಬಳಸಲಿಲ್ಲ.

"ಆ ಎತ್ತರದ ಹುಡುಗೀನ ಯಾಕ ಹೊರಗ ಕರದ್ರಿ?"

"ಆಕಿ ದಮ್ಮು ಒಡ್ಯಾಕತ್ತಿತ್ರಿ," ಎಂದರು ಮಾಸ್ತರರು. "ಕಬಡ್ಡಿ ಕಬಡ್ಡಿ ಅನ್ನೂವಾಗ ನಡುವ ಒಂದು ಕಡೆ ದನಿ ಹರೀತಿತ್ತು. ಎರಡು ದಾಳ್ಯಾಗ ಕೇಳಿದೆ. ಮೂರನೇದಕ್ಕ ಕಳಿಸಿದ್ರ ಆಕಿ ಅಲ್ಲೇ ಉಸಿರ ಬಿಡ್ತಿದ್ಲು."

"ನಮಗ್ಯಾರಿಗೂ ಕೇಳಿಸಲಿಲ್ಲ."

"ನಿಮಗ ಕೇಳೂದಿಲ್ರಿ. ಐದು ವರ್ಷ ದಿನಾ ಮುಂಜಾನಿ ಆಕಿ ಉಸಿರ ಕೇಳೇನಿ ನಾ."

ಮಾಸ್ತರರು ಇದನ್ನು ಜಂಬದಿಂದ ಹೇಳಲಿಲ್ಲ. ಬೇವಿನ ಹೂವು ಉದುರಿ ಅವರ ತಲೆಯ ಮೇಲೆ, ನಮ್ಮ ಚಹಾದ ಬಟ್ಟಲಿನಲ್ಲಿ ಬೀಳುತ್ತಿತ್ತು. ಆತ್ಯಾ ಒಂದು ಹೂವನ್ನು ಬೆರಳಿನಿಂದ ತೆಗೆದು ಚಹಾ ಮುಗಿಸಿದಳು.

"ಒಡದ ದಮ್ಮಿನಾಗೂ ಆಕಿ ಒಂದು ಪಾಯಿಂಟ್ ತರತಿದ್ಲು," ಎಂದಳು. "ನಿಮ್ಮದು ತಪ್ಪು. ಚಹಾ ಛಲೋ ಅದ."

ಮಾಸ್ತರರು ನಕ್ಕರು. ಬಸ್ ಸ್ಟ್ಯಾಂಡಿನ ತನಕ ಬಂದು ನಮ್ಮನ್ನು ಕೂರಿಸಿ ಹೋದರು.

ಬೇಸಗೆಯಲ್ಲಿ ಮುದ್ದೇಬಿಹಾಳದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲೊಂದು ಮುಂಜಿ ಇತ್ತು. ನಿಡಗುಂದಿಯಲ್ಲಿ ಇಳಿದು ಬಸ್ ಬದಲಿಸಬೇಕು. ಬೆಳಗಿನ ಹತ್ತು ಗಂಟೆಗೇ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಬ್ಬರು ಕಾಲ ಬಳಿ ಬೀಜದ ಚೀಲ ಇಟ್ಟುಕೊಂಡು ಕೂತಿದ್ದರು. ಬಿಳಿ ಅಂಗಿ. ಯಾರೆಂದು ನನಗೆ ಹೊಳೆಯುವ ಮೊದಲೇ ಅವರು ಎದ್ದು ನಿಂತು ಜಾಗ ಬಿಟ್ಟರು.

"ಬರ್ರಿ ಅಕ್ಕೋರ, ಕುಂದರ್ರಿ."

ಆತ್ಯಾ ಕೂರಲಿಲ್ಲ. ಇಬ್ಬರೂ ನಿಂತೇ ಇದ್ದರು, ನಡುವೆ ಆ ಖಾಲಿ ಬೆಂಚು.

"ಈ ಸಲ ಎಲ್ಲೆಲ್ಲಿ ಮ್ಯಾಚ್ ಆಡಿಸಿದ್ರಿ?" ಎಂದಳು ಆತ್ಯಾ. ಮಾತಿನಲ್ಲಿ ಮುಳ್ಳಿತ್ತು.

"ಎಲ್ಲೂ ಇಲ್ರಿ. ಊದೂದು ಬಿಟ್ಟೇನಿ."

"ಯಾಕ?"

ಅವರು ಬೀಜದ ಚೀಲದ ಬಾಯಿಯ ಹುರಿಯನ್ನು ಬಿಚ್ಚಿ ಮತ್ತೆ ಕಟ್ಟಿದರು. "ಬಾಗೇವಾಡ್ಯಾಗ ನೀವು ಅಷ್ಟು ಖಾತ್ರಿಲೇ ಹೇಳಿದ್ರಿ. ಮನಿಗಿ ಹೋಗಿ ಕುಂತು ಇಚಾರ ಮಾಡಿದೆ. ಸಾಲಿ ಕಲಿಸಿದ ಅಕ್ಕೋರು, ಒಪ್ಪತ್ತಿನ ದಿನ, ಅವರ್ಯಾಕ ಸುಳ್ಳ ಹೇಳ್ತಾರ ಅನ್ನಿಸ್ತು. ಆವತ್ತಿಂದ ಆ ಹುಡುಗಿ ಕನಸಿನ್ಯಾಗ ಬರ್ತಾಳ್ರಿ. ಒಮ್ಮೆ ಕಾಲು ಮದಲ ಬೀಳತೈತಿ, ಒಮ್ಮೆ ಕೈ. ಖರೇ ಯಾವುದಂತ ಈಗ ನನಗ ಗೊತ್ತಿಲ್ಲ. ಕಣ್ಣಿನ ಮ್ಯಾಲ ನಂಬಿಕಿ ಹ್ವಾದ ಮ್ಯಾಲ ಸೀಟಿ ಹಿಡೀಬಾರದ್ರಿ."

ಆತ್ಯಾ ಏನೋ ಹೇಳಲು ಬಾಯಿ ತೆರೆದಳು. ನನಗೆ ಇನ್ನು ತಡೆಯಲಾಗಲಿಲ್ಲ. ಚೀಲದಿಂದ ಮೊಬೈಲ್ ತೆಗೆದು, ಆ ಚಿತ್ರ ಹಾಕಿ, ಅವರ ಕೈಗೆ ಕೊಟ್ಟೆ. ಅವರು ಸೆರಗಿನಡಿ ದೀಪ ಹಿಡಿದವರಂತೆ ಅಂಗೈಯನ್ನು ಮರೆಮಾಡಿ, ಬಿಸಿಲಿಗೆ ಬೆನ್ನು ಮಾಡಿ ನೋಡಿದರು. ಮುಗಿದ ಮೇಲೂ ನೋಡುತ್ತಲೇ ಇದ್ದರು. 

"ಕೊಡ್ರಿ ಇಲ್ಲೆ," ಎಂದಳು ಆತ್ಯಾ.

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಒಮ್ಮೆ ನೋಡಿದಳು. ಇನ್ನೊಮ್ಮೆ ಹಾಕೆಂದಳು. ಮೂರನೆಯ ಸಲ ನನ್ನಿಂದ ಚಿತ್ರ ನಿಲ್ಲಿಸಿಕೊಂಡು, ಪಾದ ಊರಿದ ಆ ಜಾಗವನ್ನೇ ನೋಡಿದಳು. ಹೆದ್ದಾರಿಯ ಬಸ್ಸೊಂದು ಬಂದು, ಜನ ಇಳಿದು, ಹೊರಟುಹೋಯಿತು. ಅದರ ಧೂಳು ಇಳಿದ ಮೇಲೆ ಅವಳು ತಲೆ ಎತ್ತಿದಳು.

"ಕಾಲು ಮೊದಲು," ಎಂದಳು. ಆಮೇಲೆ ಮೊಬೈಲನ್ನು ನನಗೆ ಕೊಟ್ಟು ರೆಫರಿಗೆ ಕೈ ಮುಗಿದಳು. "ನಂದು ತಪ್ಪಾತ್ರಿ. ಕಣ್ಣು ತಪ್ಪಿತು, ಅದು ಯಾರಿಗೂ ತಪ್ಪತದ. ನಾ ನಿಮ್ಮೂರು ಕೇಳಬಾರದಿತ್ತು. ಅದು ದೊಡ್ಡ ತಪ್ಪು."

"ಇರ್ಲಿ ಬಿಡ್ರಿ ಅಕ್ಕೋರ," ಎಂದರು ಅವರು, ಬೇರೆ ಕಡೆ ನೋಡುತ್ತ. ಕಣ್ಣು ತುಂಬಿದ್ದವು.

ಮುದ್ದೇಬಿಹಾಳದ ಬಸ್ಸಿನಲ್ಲಿ ಅವರಿಬ್ಬರೂ ಅಕ್ಕಪಕ್ಕದ ಸೀಟುಗಳಲ್ಲಿ ಕೂತರು, ನಾನು ಹಿಂದೆ. ರೆಫರಿ ಊರಿನಲ್ಲಿ ಹೊಲ ಮಾಡಿಕೊಂಡಿರುವವರು, ಹರೆಯದಲ್ಲಿ ಮೂಲೆಯ ಆಟಗಾರರಾಗಿದ್ದವರು ಎಂದೆಲ್ಲ ತಿಳಿಯಿತು. "ನಾ ಕಾಲು ನೋಡೂದಿಲ್ರಿ," ಎಂದು ಅವರು ಹೇಳಿದ್ದು ಕೇಳಿಸಿತು. "ಕಾಲು ಭಾಳ ಜೋರ ಇರ್ತಾವು, ಕಣ್ಣಿಗಿ ಸಿಗೂದಿಲ್ಲ. ಸುಣ್ಣ ಏಳೂದು ನೋಡ್ತೇನಿ." ಆತ್ಯಾ "ಮಳಿ ಬಂದು ನೆಲ ಹಸಿ ಇದ್ರ?" ಎಂದಳು. ಅದಕ್ಕೆ ಅವರೇನು ಹೇಳಿದರೋ, ಕಾಲುವೆಯ ಬದಿಯ ಹಸಿರು, ತಣ್ಣನೆಯ ಗಾಳಿ, ನನಗೆ ಕಣ್ಣು ಹತ್ತಿತು. ಎಚ್ಚರವಾದಾಗ ಊರು ಬಂದಿತ್ತು, ಇಬ್ಬರೂ ಇನ್ನೂ ಲಾಬಿಯ ನಿಯಮದ ಮೇಲೆಯೇ ಇದ್ದರು.

ಅವರು ಇಳಿದು ತಂಗಡಗಿಯ ಗಾಡಿ ಹಿಡಿಯಲು ಹೋದ ಮೇಲೆ ಆತ್ಯಾ ನನ್ನ ಕಡೆ ತಿರುಗಿದಳು.

"ಎಷ್ಟ ದಿನದಿಂದ ಅದ ಅದು ನಿನ್ನ ಹತ್ರ?"

"ನಾಲ್ಕನೇ ದಿನಾನ ನೋಡಿದ್ದೆ ಆತ್ಯಾ."

"ಮತ್ತ ಯಾಕ ತೋರಿಸಲಿಲ್ಲ?"

"ನೀ ಅಷ್ಟು ಖುಷೀಲೆ ಇದ್ದಿ."

ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. "ನನ್ನ ಖುಷಿ ಸಲುವಾಗಿ ಆ ಮನುಷ್ಯಾನ ನಿದ್ದಿ ಹೋತು," ಎಂದಳು. ಮುಂಜಿಯ ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂರಲಿಲ್ಲ. ಅವಳು ಹೇಳಿದ್ದು ಸರಿ ಇತ್ತು. ಅವಳ ಮೇಲಿನ ಪ್ರೀತಿಯಿಂದ ಸುಮ್ಮನಿದ್ದೆ ಎಂದುಕೊಂಡಿದ್ದೆ. ಅವಳ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಇಂಡಿಗೆ ಬಂದ ಮೇಲೆ ಆತ್ಯಾ ಕತೆಯನ್ನು ತಿದ್ದಲು ಹೊರಟಳು. ಗುಡಿಯಲ್ಲಿ, ಸಂತೆಯಲ್ಲಿ, ಪಕ್ಕದ ಮನೆಯ ಬಾಗಿಲಲ್ಲಿ, ಯಾರು ಯಾರಿಗೆ ಹೇಳಿದ್ದಳೋ ಅವರನ್ನೆಲ್ಲ ಹುಡುಕಿ "ಆ ಸೀಟಿ ಖರೇ ಇತ್ತು, ನಂದ ತಪ್ಪಾಗಿತ್ತು" ಎಂದಳು. ನನ್ನ ಮೊಬೈಲ್ ಇಸಿದುಕೊಂಡು ತೋರಿಸಿದಳು. ಮೊದಲಿನ ಕತೆಯನ್ನು ನಿಂತು ಕೇಳಿದ ಜನ ಇದನ್ನು ನಡೆಯುತ್ತಲೇ ಕೇಳಿದರು. ಕೆಲವರಿಗೆ ಬೇಜಾರೂ ಆಯಿತು. ಬದನೆಕಾಯಿ ಮಾರುವ ಹೆಂಗಸು "ಹೋಗ್ಲಿ ಬಿಡ್ರಿ ಅಕ್ಕೋರ, ಮದಲಿನ ಕತೀನ ಛಲೋ ಇತ್ತು" ಎಂದುಬಿಟ್ಟಳು. ತಂಗಡಗಿ ಸೀಟಿ ಎಂಬ ಮಾತು ಈಗಲೂ ಇಂಡಿಯಲ್ಲಿ ಅಲ್ಲಲ್ಲಿ ಕೇಳಿಸುತ್ತದೆ. ಕೇಳಿದಾಗಲೆಲ್ಲ ಆತ್ಯಾ ನಿಂತು ತಿದ್ದುತ್ತಾಳೆ, ತಿದ್ದಿ ಸುಸ್ತಾಗಿ ಮನೆಗೆ ಬರುತ್ತಾಳೆ. ಕೋಚ್ ವಿಷಯದಲ್ಲಿ ಮಾತ್ರ ಅವಳು ಒಂದಕ್ಷರ ತಿದ್ದಿಲ್ಲ. ಆ ಹುಡುಗಿಯನ್ನು ತೆಗೆದದ್ದು ತಪ್ಪೇ.

ಮುಂದಿನ ಚಳಿಗಾಲದಲ್ಲಿ ತಂಗಡಗಿಯಲ್ಲೇ ಪಂದ್ಯಗಳಾದವು. ರೆಫರಿ ಫೋನ್ ಮಾಡಿ ಬರಲೇಬೇಕೆಂದರು. ಅವರು ಮತ್ತೆ ಸೀಟಿ ಹಿಡಿದಿದ್ದರು. ಹೊಳೆಯ ಕಡೆಯಿಂದ ಮಂಜು ಬಂದು ಮೈದಾನದ ಅಂಚಿನಲ್ಲಿ ನಿಂತಿತ್ತು, ಬೆಳಗಿನ ಎಂಟು ಗಂಟೆಯಾದರೂ ಆಚೆಯ ಕಂಬಗಳು ಕಾಣುತ್ತಿರಲಿಲ್ಲ. ನಮ್ಮ ಹುಡುಗಿಯರು ಉಸಿರು ಬಿಟ್ಟರೆ ಅದೂ ಕಾಣುತ್ತಿತ್ತು. ಎತ್ತರದ ಹುಡುಗಿ ದಾಳಿಗೆ ಹೋದಳು, ಮೂಲೆಯಲ್ಲಿ ಏನೋ ಆಯಿತು, ಸೀಟಿ ಕೇಳಿಸಿತು. ತೀರ್ಪು ನಮ್ಮ ವಿರುದ್ಧ.

ಇಂಡಿಯಿಂದ ಬಂದಿದ್ದ ನಾಲ್ಕಾರು ಜನ ಒಟ್ಟಿಗೇ ತಿರುಗಿ ಆತ್ಯಾನ ಮುಖ ನೋಡಿದರು. ಅವಳು ಏನಾದರೂ ಅನ್ನಲಿ ಎಂದು ಕಾದರು. ರೆಫರಿಯೂ ಒಂದು ಕ್ಷಣ ಈ ಕಡೆ ನೋಡಿದಂತೆ ನನಗೆ ಅನ್ನಿಸಿತು.

ಆತ್ಯಾ ಶಾಲು ಎಳೆದುಕೊಂಡಳು. "ನನಗ ಕಾಣಲಿಲ್ಲಪಾ," ಎಂದಳು. "ಮಂಜು ಭಾಳ ಅದ."

ಆಟ ಮುಂದುವರಿಯಿತು.